ಮುಖದ ಕೂದಲನ್ನು ಶಾಶ್ವತವಾಗಿ ತೆಗೆಸಲು ಲೇಸರ್ ಒಳ್ಳೆಯದೋ, ಎಲೆಕ್ಟ್ರಾಲಿಸಿಸ್ ಒಳ್ಳೆಯದೋ?

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಖಾಲಿಯಿದ್ದರೂ ಗದ್ದದ ಮೇಲೆ ಬೆಳಕು ಬೀಳುತ್ತದೆಂದು ಅಲ್ಲಿ ಕೂರುವುದಿಲ್ಲ ಎಂದು ಬರೆದಿದ್ದೀರಲ್ಲ, ಆ ಒಂದು ವಾಕ್ಯ ಓದಿದ ಮೇಲೆ ನಿಮ್ಮ ಪ್ರಶ್ನೆಯ ಉಳಿದ ಭಾಗವನ್ನು ನಾನೇ ಬರೆದುಬಿಡಬಹುದಿತ್ತು. ವಯಸ್ಸು 24, ನಾಲ್ಕು ತಿಂಗಳಲ್ಲಿ ಮದುವೆ, ಮನೆ ಹತ್ತಿರದ ಪಾರ್ಲರಿನವರು ಇಡೀ ಮುಖಕ್ಕೆ ಆರು ಸಿಟ್ಟಿಂಗಿನ ಲೇಸರ್ ಪ್ಯಾಕೇಜು ಹೇಳಿದ್ದಾರೆ, ಯಾರೋ ಎಲೆಕ್ಟ್ರಾಲಿಸಿಸ್ (ಸೂಜಿಯಿಂದ ಕೂದಲಿನ ಬುಡಕ್ಕೆ ವಿದ್ಯುತ್ ಹಾಯಿಸುವ ವಿಧಾನ) ಎಂದರು, ಎರಡರಲ್ಲಿ ಯಾವುದು ಶಾಶ್ವತ ಎಂದು ಕೇಳಿದ್ದೀರಿ. ನನಗೀಗ 39. ಆಫೀಸಿನಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂರುವಂತೆ ನಾನು ಮೇಜನ್ನೇ ತಿರುಗಿಸಿಕೊಂಡಿದ್ದೆ. ಕೇಳಿದವರಿಗೆ ಕಣ್ಣಿಗೆ ಬಿಸಿಲು ಹೊಡೆಯುತ್ತದೆ ಎಂದು ಹೇಳುತ್ತಿದ್ದೆ.

ನನಗೆ ಗದ್ದದಲ್ಲಿ ದಪ್ಪ ಕೂದಲು ಕಾಣಿಸಿಕೊಂಡದ್ದು ಪಿಯುಸಿಯಲ್ಲಿದ್ದಾಗ. ಅಮ್ಮ ಪ್ರತಿ ಭಾನುವಾರ ಕಸ್ತೂರಿ ಅರಿಶಿನವನ್ನೂ ಕಡಲೆಹಿಟ್ಟನ್ನೂ ಹಾಲಿನಲ್ಲಿ ಕಲಸಿ ಹಚ್ಚಿ, ಒಣಗಿದ ಮೇಲೆ ಮೇಲ್ಮುಖವಾಗಿ ಉಜ್ಜಿ ತೆಗೆಯುತ್ತಿದ್ದರು. ಮುಖ ಹಳದಿಯಾಯಿತೇ ಹೊರತು ಕೂದಲು ಹಾಗೆಯೇ ಉಳಿಯಿತು. ರಾಜಾಜಿನಗರದ ನಮ್ಮ ಬೀದಿಯ ಪಾರ್ಲರಿನಾಕೆ ಹುಬ್ಬು ಮುಗಿಸಿ, ದಾರ ಹಲ್ಲಿನಲ್ಲಿ ಕಚ್ಚಿಕೊಂಡೇ, "ಗದ್ದಕ್ಕೂ ಹಾಕ್ಲಾ ಮೇಡಂ?" ಎಂದು ನಾಲ್ಕು ಜನರ ಎದುರು ಕೇಳಿದ ದಿನವೇ ಒಂದು ಪ್ಲಕ್ಕರ್ ಕೊಂಡೆ. ಆಮೇಲಿನ ಹತ್ತು ವರ್ಷ ಆ ಪ್ಲಕ್ಕರ್ ನನ್ನ ಕೈಚೀಲದಲ್ಲಿ ಮನೆಯ ಬೀಗದ ಕೈಗಿಂತ ಖಾಯಂ ಆಗಿ ಇತ್ತು. ನವರಂಗ್ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಂತಾಗಲೆಲ್ಲ ಹೆಬ್ಬೆರಳು ತಾನಾಗಿಯೇ ಗದ್ದದ ಕೆಳಗೆ ಹೋಗಿ, ಚುಚ್ಚುವುದು ಎಲ್ಲಿದೆ ಎಂದು ತಡಕಾಡುತ್ತಿತ್ತು. ಸಿಕ್ಕಿದ್ದನ್ನು ಆಫೀಸಿನ ಗಾಡಿ ನಿಲ್ಲಿಸುವ ಜಾಗದಲ್ಲಿ, ಸ್ಕೂಟರಿನ ಕನ್ನಡಿಯನ್ನು ಬೆಳಕಿನತ್ತ ತಿರುಗಿಸಿ ಕಿತ್ತ ಮೇಲೆಯೇ ಮೆಟ್ಟಿಲು ಹತ್ತುತ್ತಿದ್ದೆ. ರೇಜರ್ ಮಾತ್ರ ಮುಟ್ಟಿರಲಿಲ್ಲ. ಒಮ್ಮೆ ಬೋಳಿಸಿದರೆ ಗಂಡಸರ ಗಡ್ಡದಂತೆ ದಟ್ಟವಾಗಿ ಬೆಳೆಯುತ್ತದೆ ಎಂದು ಅತ್ತೆ, ಅಂದರೆ ನನ್ನ ತಂದೆಯ ಅಕ್ಕ, ಹೇಳಿದ್ದ ಮಾತು ತಲೆಯಲ್ಲಿ ಕೂತಿತ್ತು.

2015ರಲ್ಲಿ ಜಯನಗರದ ಒಂದು ಕ್ಲಿನಿಕ್ಕಿನಲ್ಲಿ ಎಂಟು ಸಿಟ್ಟಿಂಗಿನ ಲೇಸರಿಗೆ 36,000 ರೂಪಾಯಿ ಕಟ್ಟಿದೆ. ಒಂದು ತಿಂಗಳು ಏನನ್ನೂ ಕೀಳದೆ ಬನ್ನಿ ಎಂದಿದ್ದರು. ಸ್ಕೂಟರ್ ಓಡಿಸುವಾಗ ಧೂಳಿಗೆ ಕಟ್ಟುವ ದುಪಟ್ಟಾವನ್ನು ಆಫೀಸಿನ ಒಳಗೂ ಬಿಚ್ಚದೆ, ಅಲರ್ಜಿಯೆಂದು ಕೆಮ್ಮುತ್ತಾ ಆ ತಿಂಗಳನ್ನು ಹೇಗೋ ತಳ್ಳಿದೆ. ಮೊದಲ ಸಿಟ್ಟಿಂಗಿನಲ್ಲಿ ಅವರೇ ಶೇವ್ ಮಾಡಿ, ತಣ್ಣನೆಯ ಜೆಲ್ ಬಳಿದು, ಮಿಷನ್ನಿನ ತಲೆ ಇಟ್ಟರು. ರಬ್ಬರ್ ಬ್ಯಾಂಡ್ ಎಳೆದು ಬಿಟ್ಟಂತೆ ಒಂದೊಂದೂ ಚುರುಕ್ಕೆನ್ನುತ್ತಿತ್ತು, ನೀರೊಲೆಗೆ ಕೂದಲು ಬಿದ್ದಾಗ ಬರುವಂಥ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಹತ್ತು ಹನ್ನೆರಡು ದಿನಕ್ಕೆ ಟವೆಲ್ಲಿನಲ್ಲಿ ಮುಖ ಒರೆಸಿದಾಗ ಕಪ್ಪು ಚುಕ್ಕೆಗಳು ಎಳ್ಳಿನಂತೆ ಉದುರಿದ್ದನ್ನು ನೋಡಿ ಅಮ್ಮನನ್ನು ಕರೆದು ತೋರಿಸಿದೆ. ಎರಡನೆಯದೂ ಮೂರನೆಯದೂ ಹೀಗೆಯೇ ಆದವು. ನೂರು ಇದ್ದದ್ದು ನಲವತ್ತಾಯಿತು.

ನಾನು ತಪ್ಪು ಮಾಡಿದ್ದು ಇಲ್ಲಿ, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ನೂರು ಕೂದಲನ್ನು ಒಂದು ತಿಂಗಳು ಮುಚ್ಚಿಡುವುದಕ್ಕೆ ದುಪಟ್ಟಾ ಬೇಕಿತ್ತು. ನಲವತ್ತಕ್ಕೆ ಪ್ಲಕ್ಕರ್ ಸಾಕು ಎನಿಸಿತು. ಮೂರನೆಯ ಸಿಟ್ಟಿಂಗ್ ಆದ ಮೇಲೆ, ತಿಂಗಳ ಕೊನೆಗೆ ತಲೆಯೆತ್ತಿದವನ್ನು ಒಂದೊಂದಾಗಿ ಕಿತ್ತು, ನುಣುಪಾದ ಗದ್ದ ಹೊತ್ತು ಕ್ಲಿನಿಕ್ಕಿಗೆ ಹೋದೆ. ಮಿಷನ್ ಹಿಡಿದಿದ್ದ ಹುಡುಗಿ ಚರ್ಮ ಸವರಿ ನೋಡಿ, "ಶೇವ್ ಮಾಡ್ಕೊಂಡು ಬಂದ್ರಾ ಮೇಡಂ?" ಎಂದಳು. ನಾನು "ಹೂಂ" ಎಂದೆ. ಅಂದು ಹೇಳಿದ ಆ "ಹೂಂ" ಅನ್ನು ಉಳಿದ ನಾಲ್ಕು ಸಿಟ್ಟಿಂಗುಗಳಲ್ಲಿಯೂ ಹೇಳಿದೆ.

ಲೇಸರ್ ಚರ್ಮದ ಮೇಲಿನ ಕೂದಲನ್ನು ತೆಗೆಯುವ ಸಾಧನವಲ್ಲ. ಆ ಬೆಳಕನ್ನು ಹೀರಿಕೊಳ್ಳುವುದು ಕೂದಲಿನೊಳಗಿನ ಕಪ್ಪು ಬಣ್ಣ, ಅಂದರೆ ಮೆಲನಿನ್. ಹೀರಿದ ಬೆಳಕು ಬಿಸಿಯಾಗಿ, ಕೂದಲಿನ ಉದ್ದಕ್ಕೂ ಇಳಿದು, ಬುಡದಲ್ಲಿ ಹೊಸ ಕೂದಲು ಹುಟ್ಟಿಸುವ ಜಾಗವನ್ನು ಸುಡಬೇಕು. ಶೇವ್ ಮಾಡಿದಾಗ ಹೊರಗಿನ ಭಾಗ ಮಾತ್ರ ಹೋಗಿ ಒಳಗಿನ ಭಾಗ, ರಾಗಿ ಕೊಯ್ದ ಹೊಲದ ಕೂಳೆಯಂತೆ, ಬೇರಿನ ಸಮೇತ ನಿಂತಿರುತ್ತದೆ. ಬೆಳಕಿಗೆ ಹಿಡಿಯಲು ಅದೇ ಬೇಕು. ಪ್ಲಕ್ಕರ್, ಥ್ರೆಡಿಂಗ್, ವ್ಯಾಕ್ಸಿಂಗ್, ಎಪಿಲೇಟರ್ ಇವೆಲ್ಲವೂ ಕೂದಲನ್ನು ಬುಡದಿಂದಲೇ ಎಳೆದುಬಿಡುತ್ತವೆ, ಹುಟ್ಟಿಸುವ ಚೀಲ ಮಾತ್ರ ಒಳಗೆ ಸುರಕ್ಷಿತವಾಗಿ ಉಳಿಯುತ್ತದೆ. ಆ ಖಾಲಿ ಚೀಲದ ಮೇಲೆ ಎಷ್ಟು ಬೆಳಕು ಬಿಟ್ಟರೂ ಹೀರಿಕೊಳ್ಳಲು ಅಲ್ಲಿ ಏನೂ ಇಲ್ಲ. ನನ್ನ ವೃತ್ತಿ ಲೆಕ್ಕಪತ್ರದ್ದು, ಹಾಗಾಗಿ ನನಗೆ ತೋಚುವ ಹೋಲಿಕೆಯೂ ಅದೇ: ಸಾಲಗಾರ ಊರಲ್ಲಿಲ್ಲದ ದಿನವನ್ನೇ ನೋಡಿ ವಸೂಲಿಗೆ ಐದು ಸಲ ಆಳು ಕಳಿಸಿ, ಪ್ರತಿ ಸಲವೂ 4,500 ರೂಪಾಯಿ ದಾರಿಖರ್ಚು ನಾನೇ ಕೊಟ್ಟೆ.

ಸುಳಿವು ಸಿಕ್ಕಿರಲಿಲ್ಲವೆಂದಲ್ಲ. ನಾಲ್ಕನೆಯ ಸಿಟ್ಟಿಂಗಿನಿಂದ ಚುರುಕ್ಕೆನ್ನುವುದು ನಿಂತಿತು, ಸುಟ್ಟ ವಾಸನೆಯೂ ಬರಲಿಲ್ಲ. ಕೂದಲು ಮುಗಿಯುತ್ತ ಬಂದಿದೆ, ಅದಕ್ಕೇ ನೋವಿಲ್ಲ ಎಂದು ನಾನೇ ಅರ್ಥ ಮಾಡಿಕೊಂಡು, ಎಂಟನೆಯದು ಮುಗಿದ ದಿನ ಕ್ಲಿನಿಕ್ಕಿನವರಿಗೆ ಮೈಸೂರುಪಾಕು ಕೊಟ್ಟು ಬಂದೆ. ಮೂರು ತಿಂಗಳು ಕಳೆಯುವುದರೊಳಗೆ ಕಿತ್ತವೆಲ್ಲ ಒಟ್ಟಿಗೆ ಮೊಳೆತವು. ದವಡೆಯ ಅಂಚಿನಲ್ಲಿ ಕೆಲವು ಚರ್ಮದೊಳಗೇ ಸುರುಳಿಯಾಗಿ, ಗುಳ್ಳೆಯಾಗಿ, ಕಪ್ಪು ಕಲೆ ಬಿಟ್ಟವು. ಜಗಳಕ್ಕೆ ಹೋದಾಗ ಅವರು ನಾನು ಸಹಿ ಹಾಕಿದ್ದ ಕಾಗದ ತೆಗೆದು ಮುಂದಿಟ್ಟರು. ಎರಡು ಸಿಟ್ಟಿಂಗುಗಳ ನಡುವೆ ಕೀಳಬಾರದು, ಥ್ರೆಡಿಂಗ್ ಮಾಡಿಸಬಾರದು, ಬೇಕಿದ್ದರೆ ಶೇವ್ ಮಾಡಬಹುದು ಎಂದು ಏಳನೆಯ ಸಾಲಿನಲ್ಲಿ ಸ್ಪಷ್ಟವಾಗಿಯೇ ಇತ್ತು. ಊರವರ ಕಾಗದಗಳನ್ನು ಸಾಲು ಸಾಲಾಗಿ ಓದಿ ಸಂಬಳ ಪಡೆಯುವ ನಾನು ನನ್ನದನ್ನು ಓದಿರಲಿಲ್ಲ.

ಅತ್ತೆಯ ಮಾತಿನ ಬಗ್ಗೆಯೂ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿಯೂ "ರೇಜರ್ ಅಂತೂ ಮುಟ್ಟಿಲ್ಲ" ಎಂಬ ಹೆಮ್ಮೆಯ ಸಾಲೊಂದಿದೆ. ಮಿಲ್ಡ್ರೆಡ್ ಟ್ರಾಟರ್ ಎಂಬ ಅಮೆರಿಕದ ಅಂಗರಚನಾ ವಿಜ್ಞಾನಿ ಕೆಲವು ಗಂಡಸರು ದಿನವೂ ಬೋಳಿಸಿಕೊಂಡ ಗಡ್ಡದ ಕೂದಲನ್ನು ಅಳೆದು, ಬೋಳಿಸುವುದರಿಂದ ಕೂದಲು ದಪ್ಪವೂ ಆಗುವುದಿಲ್ಲ, ಬೇಗವೂ ಬೆಳೆಯುವುದಿಲ್ಲ ಎಂದು 1928ರಲ್ಲಿಯೇ ಪ್ರಕಟಿಸಿದ್ದಾರೆ. ತಾನಾಗಿ ಬೆಳೆದ ಕೂದಲಿನ ತುದಿ ಚೂಪಾಗಿರುತ್ತದೆ, ಕತ್ತರಿಸಿದ್ದು ಮೊಂಡಾಗಿ ಕೈಗೆ ಒರಟಾಗಿ ತಾಗುತ್ತದೆ, ಅಷ್ಟೇ ವ್ಯತ್ಯಾಸ.

ಎರಡನೆಯ ಸಲ ಹೋದದ್ದು ಮಲ್ಲೇಶ್ವರದ ಹಿರಿಯ ಚರ್ಮವೈದ್ಯೆಯೊಬ್ಬರ ಬಳಿ. ಅವರು ಮಿಷನ್ನಿನ ಮಾತನ್ನೇ ಎತ್ತದೆ, "ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗತ್ತೇನಮ್ಮ?" ಎಂದು ಕೇಳಿದರು. 36,000 ರೂಪಾಯಿ ತೆಗೆದುಕೊಂಡವರು ಕೇಳದಿದ್ದ ಪ್ರಶ್ನೆ ಅದು. ನನಗೆ ನಲವತ್ತೈದು ದಿನಕ್ಕೊಮ್ಮೆ, ಕೆಲವೊಮ್ಮೆ ಎರಡು ತಿಂಗಳಿಗೊಮ್ಮೆ ಆಗುತ್ತಿತ್ತು. ರಕ್ತ ಪರೀಕ್ಷೆಯಲ್ಲಿ ಟೆಸ್ಟೋಸ್ಟೆರಾನ್ ಹೆಚ್ಚಿತ್ತು, ಸ್ಕ್ಯಾನಿಂಗಿನ ನಂತರ ಪಿಸಿಓಡಿ, ಅಂದರೆ ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನು ಏರುಪೇರು, ಎಂದರು. ಗಂಡಸರಲ್ಲಿ ಹೆಚ್ಚಾಗಿರುವ ಈ ಹಾರ್ಮೋನುಗಳು ಹೆಂಗಸರಲ್ಲಿ ಏರಿದಾಗ ಗದ್ದ, ಮೇಲ್ತುಟಿ, ಎದೆ, ಹೊಕ್ಕುಳ ಕೆಳಗಿನ ಎಳೆಯ ರೋಮವನ್ನೇ ದಪ್ಪ ಕಪ್ಪು ಕೂದಲಾಗಿ ಮಾರ್ಪಡಿಸುತ್ತವೆ. ಅದನ್ನು ಹಾಗೆಯೇ ಬಿಟ್ಟು ಮೇಲಿನಿಂದ ಸುಡುತ್ತ ಹೋದರೆ, ಸುಟ್ಟ ಕಡೆ ಹೋಗುತ್ತದೆ, ಪಕ್ಕದಲ್ಲಿ ಹೊಸದು ತಯಾರಾಗುತ್ತದೆ. ಆ ಹಾರ್ಮೋನುಗಳ ಪ್ರಭಾವವನ್ನು ತಡೆಯುವ ಸ್ಪೈರೋನೋಲ್ಯಾಕ್ಟೋನ್ ಮಾತ್ರೆಯನ್ನೂ ಗರ್ಭನಿರೋಧಕ ಮಾತ್ರೆಯನ್ನೂ ಶುರು ಮಾಡಿ, ಆರು ತಿಂಗಳಿಗೆ ಮೊದಲು ಫಲ ಕೇಳಬೇಡಿ ಎಂದರು. ಕೇಳಲಿಲ್ಲ, ಕಾದೆ. ಪ್ಲಕ್ಕರನ್ನು ಅವರ ಮೇಜಿನ ಮೇಲೆಯೇ ಬಿಟ್ಟು ಬಂದಿದ್ದೆ.

ಆಮೇಲೆ ಎನ್‌ಡಿ-ಯಾಗ್ ಲೇಸರಿನಲ್ಲಿ, ಆರಾರು ವಾರದ ಅಂತರದಲ್ಲಿ, ಒಂದೊಂದು ಸಿಟ್ಟಿಂಗಿಗೆ ಬೇರೆಬೇರೆಯಾಗಿ ಹಣ ಕೊಟ್ಟು ಮಾಡಿಸಿದೆ. 1064 ನ್ಯಾನೋಮೀಟರ್ ತರಂಗಾಂತರದ ಈ ಬೆಳಕನ್ನು ಚರ್ಮದ ಬಣ್ಣ ಕಡಿಮೆ ಹೀರಿಕೊಳ್ಳುವುದರಿಂದ ನಮ್ಮಂಥ ಗೋಧಿ ಬಣ್ಣ, ಎಣ್ಣೆಗಪ್ಪಿನವರಿಗೆ ಸುಟ್ಟ ಕಲೆಯ ಭಯ ಕಡಿಮೆ. ಬಿಳಿಯರ ತೊಗಲಿಗೆ ಹೊಂದುವ 755 ನ್ಯಾನೋಮೀಟರಿನ ಅಲೆಕ್ಸಾಂಡ್ರೈಟ್ ಲೇಸರಿನಲ್ಲಿ ನಮಗೆ ಅಪಾಯ ಹೆಚ್ಚು. ನಡುವಿನ ದಿನಗಳಲ್ಲಿ ರೇಜರ್ ಬಳಸಿದೆ. ಮೊದಲ ದಿನ ಕೈ ನಡುಗಿತ್ತು, ಈಗ ಹಲ್ಲುಜ್ಜಿದಷ್ಟೇ ಸಹಜ. ಇಂದು ಹತ್ತು ದಿನಕ್ಕೊಮ್ಮೆ ಐದಾರು ಕೂದಲು ಬರುತ್ತವೆ, ವರ್ಷಕ್ಕೆ ಎರಡು ಸಿಟ್ಟಿಂಗ್ ಈಗಲೂ ಬೇಕು. ಅಮೆರಿಕದ ಎಫ್‌ಡಿಎ (ಔಷಧ, ವೈದ್ಯಕೀಯ ಉಪಕರಣಗಳನ್ನು ಪರಿಶೀಲಿಸುವ ಅಲ್ಲಿನ ಸರ್ಕಾರಿ ಸಂಸ್ಥೆ) ಸಹ ಲೇಸರಿಗೆ ಒಪ್ಪಿರುವ ಮಾತು ಶಾಶ್ವತ ಇಳಿಕೆ ಎಂಬುದೇ ಹೊರತು ಶಾಶ್ವತ ನಿರ್ಮೂಲನೆ ಎಂಬುದಲ್ಲ.

ನಿರ್ಮೂಲನೆ ಎಂಬ ಪದ ಎಲೆಕ್ಟ್ರಾಲಿಸಿಸ್ಸಿಗೆ ಸಲ್ಲುತ್ತದೆ. 1875ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ಸಿನ ಚಾರ್ಲ್ಸ್ ಮಿಚೆಲ್ ಎಂಬ ಕಣ್ಣಿನ ವೈದ್ಯರು ಒಳಮುಖವಾಗಿ ಬೆಳೆದು ಕಣ್ಣು ಚುಚ್ಚುವ ರೆಪ್ಪೆಗೂದಲನ್ನು ತೆಗೆಯಲು ಹುಡುಕಿದ ದಾರಿ ಅದು: ಕೂದಲೆಳೆಯಂಥ ಸೂಜಿಯನ್ನು ಒಂದೊಂದು ಬುಡಕ್ಕೂ ಇಳಿಸಿ ವಿದ್ಯುತ್ ಹಾಯಿಸುವುದು. ಬಣ್ಣದ ಹಂಗಿಲ್ಲದ್ದರಿಂದ ಲೇಸರಿಗೆ ಕಾಣದ ಬಿಳಿ ಕೂದಲಿಗೂ ನಡೆಯುತ್ತದೆ. ಆದರೆ ಇಡೀ ಗದ್ದವನ್ನು ಹೀಗೆ ಮಾಡಿಸಲು ಹೊರಟರೆ ಗಂಟೆಗಟ್ಟಲೆ, ತಿಂಗಳುಗಟ್ಟಲೆ ಕೂರಬೇಕು. ಕಳೆದ ವರ್ಷ ನನ್ನ ಗದ್ದದಲ್ಲಿ ನೆರೆತ ಹನ್ನೊಂದು ಕೂದಲಿಗೆ ಅದನ್ನು ಮಾಡಿಸಿದೆ. ಸರಿಯಾಗಿ ಮಾಡುವವರನ್ನು ಹುಡುಕುವುದಕ್ಕೇ ಒಂದು ತಿಂಗಳು ಹಿಡಿಯಿತು. ಹಾಗಾಗಿ ಇದೋ ಅದೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ: ಹೆಚ್ಚು ಕಪ್ಪು ಕೂದಲಿದ್ದಾಗ ಲೇಸರ್, ಕೊನೆಗೆ ಉಳಿದ ಹಟಮಾರಿಗಳಿಗೆ ಸೂಜಿ, ಎರಡಕ್ಕೂ ಮೊದಲು ರಕ್ತ ಪರೀಕ್ಷೆ.

ಆ ಪ್ಯಾಕೇಜು ಬೇಡ. ಇಡೀ ಮುಖಕ್ಕೆ ಎಂದಿದ್ದಾರಲ್ಲ, ಅದಂತೂ ಬೇಡವೇ ಬೇಡ. ಕೆನ್ನೆಯ, ಕತ್ತಿನ ಎಳೆಯ ರೋಮಕ್ಕೆ ಸಾಲದಷ್ಟು ಶಾಖ ತಾಗಿದರೆ ಅದು ಸಾಯುವ ಬದಲು ಎಚ್ಚೆತ್ತು ದಪ್ಪವಾಗುವುದುಂಟು, ಅದು ಹೆಚ್ಚಾಗಿ ಕಾಣುವುದು ಮುಖ ಕತ್ತುಗಳಲ್ಲಿ, ನಮ್ಮಂಥ ಬಣ್ಣದ, ಹಾರ್ಮೋನು ಏರುಪೇರಿರುವ ಹೆಂಗಸರಲ್ಲಿ. ಪಾರ್ಲರುಗಳಲ್ಲಿ ಲೇಸರ್ ಎಂದು ಕರೆಯುವುದು ಎಷ್ಟೋ ಸಲ ಐಪಿಎಲ್ ಎಂಬ, ಹಲವು ಬಣ್ಣ ಬೆರೆತ ಬೇರೆಯದೇ ಬೆಳಕು. ಆರಾರು ವಾರದ ಅಂತರವೆಂದರೆ ನಾಲ್ಕು ತಿಂಗಳಲ್ಲಿ ನಿಮಗೆ ಹೆಚ್ಚೆಂದರೆ ಮೂರು ಸಿಟ್ಟಿಂಗ್ ಸಿಗುತ್ತದೆ, ಮೂರರಲ್ಲಿ ಯಾರ ಗದ್ದವೂ ಖಾಲಿಯಾಗಿಲ್ಲ. ಜೊತೆಗೆ, ಆಗಷ್ಟೇ ಲೇಸರ್ ತಾಗಿದ ಮುಖಕ್ಕೆ ಅರಿಶಿನ ಶಾಸ್ತ್ರದಲ್ಲಿ ಹತ್ತಾರು ಕೈಗಳು ಉಜ್ಜುವುದನ್ನು ನೆನೆದರೇ ನನಗೆ ಉರಿಯುತ್ತದೆ. ಮದುವೆಯ ಹಿಂದಿನ ದಿನ ನೊರೆ ಹಚ್ಚಿ, ಹೊಸ ಬ್ಲೇಡಿನಲ್ಲಿ, ಕೂದಲು ಬೆಳೆದ ದಿಕ್ಕಿನಲ್ಲಿಯೇ ಶೇವ್ ಮಾಡಿಕೊಳ್ಳಿ, ಮೇಕಪ್ಪು ಚೆನ್ನಾಗಿ ಕೂರುತ್ತದೆ. ಲೇಸರ್ ಮದುವೆಯ ಗಲಾಟೆ ಮುಗಿದ ಮೇಲೆ.

ಹುಡುಗನಿಗೆ ಹೇಳಬೇಕೆ ಎಂದೂ ಕೇಳಿದ್ದೀರಿ. ನನ್ನವರಿಗೆ ಗೊತ್ತಾದದ್ದು ಅವರ ರೇಜರ್ ಬೇಗ ಮೊಂಡಾಗುತ್ತಿದ್ದುದರಿಂದ. ಮಾರನೆಯ ದಿನ ನನಗೊಂದು ಬೇರೆ ತಂದುಕೊಟ್ಟರು. ಹೇಳಲೇಬೇಕಾದ ವಿಷಯ ಬೇರೆ ಇದೆ, ಅದೂ ವೈದ್ಯರಿಗೆ: ಮದುವೆಯ ನಂತರ ಮಗು ಯಾವಾಗ ಬೇಕೆಂದುಕೊಂಡಿದ್ದೀರಿ ಎಂಬುದನ್ನು ಮಾತ್ರೆ ಬರೆಯುವ ಮೊದಲೇ ತಿಳಿಸಿ, ಏಕೆಂದರೆ ಸ್ಪೈರೋನೋಲ್ಯಾಕ್ಟೋನನ್ನು ಗರ್ಭಿಣಿಯಾಗುವ ಸಾಧ್ಯತೆ ಇರುವಾಗ ತೆಗೆದುಕೊಳ್ಳುವಂತಿಲ್ಲ. ಹಿಂದಿನ ಆರು ತಿಂಗಳ ಮುಟ್ಟಿನ ತಾರೀಕುಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ರಕ್ತ ಕೊಡುವುದನ್ನು ಮುಟ್ಟಾದ ಎರಡನೆಯ ದಿನದಿಂದ ಐದನೆಯ ದಿನದೊಳಗೆ, ಬೆಳಗ್ಗೆಯೇ ಇಟ್ಟುಕೊಳ್ಳಿ. ಯಾವುದಾದರೂ ಹಾರ್ಮೋನ್ ಮಾತ್ರೆ ನುಂಗುತ್ತಿದ್ದರೆ ಫಲಿತಾಂಶ ಏರುಪೇರಾಗುವುದರಿಂದ ಅದನ್ನೂ ಮೊದಲೇ ಹೇಳಿ.