ಹೀಟ್ ಮ್ಯಾಟ್ ಬಿಸಿ, ಟೈಲ್ ಮಾತ್ರ ತಣ್ಣಗೆ

ನಿಮ್ಮ ಲೆಪರ್ಡ್ ಗೆಕ್ಕೋ (ಸಾಕುವ ಒಂದು ಬಗೆಯ ಹಲ್ಲಿ) ಇರುವ ಗಾಜಿನ ಪೆಟ್ಟಿಗೆಯಲ್ಲಿ ಬಹುಶಃ ಟೈಲಿಗೂ ಗಾಜಿಗೂ ನಡುವೆ ಗಾಳಿ ಸೇರಿಕೊಂಡಿದೆ. ಗಾಜಿನಡಿಯ ಹೀಟ್ ಮ್ಯಾಟ್ (ಬಿಸಿ ಕೊಡುವ ವಿದ್ಯುತ್ ಹಾಸು) ಚೆನ್ನಾಗಿ ಕಾಯುತ್ತಿದ್ದರೂ ಮೇಲಿನ ಸ್ಲೇಟ್ ಕಲ್ಲಿನ ಟೈಲ್ 26 ಡಿಗ್ರಿ ದಾಟುತ್ತಿಲ್ಲ ಅಂದಿದ್ದೀರಿ. ಸ್ಲೇಟಿನ ಅಡಿಭಾಗ ಪೂರ್ತಿ ಸಮ ಇರುವುದಿಲ್ಲ. ಒಂದು ಮೂಲೆ ಒತ್ತಿದರೆ ಇನ್ನೊಂದು ಟಕ್ ಅಂತ ಏಳುತ್ತದೆ, ಅಲ್ವಾ? ಆ ಸಂದಿಯೇ ಬಿಸಿಯನ್ನು ತಡೆಯುತ್ತದೆ.

ಮೊದಲು ಮ್ಯಾಟ್ ಆಫ್ ಮಾಡಿ, ಗೆಕ್ಕೋವನ್ನು ಬೇರೆ ಡಬ್ಬಿಗೆ ಬಿಡಿ. ಟೈಲ್ ಎತ್ತಿ, ಗಾಜಿನ ಮೇಲೆ ಒಣಗಿದ ನುಣ್ಣನೆ ಮರಳನ್ನು ಸಂದಿ ತುಂಬುವಷ್ಟು ಮಾತ್ರ ಹರಡಿ. ಟೈಲನ್ನು ಅಲುಗದಂತೆ ಕೂರಿಸಿ. ಅಂಚಿನ ಸಂದಿಗಳನ್ನೂ ಬಿಡಬೇಡಿ. ತಿನ್ನಲು ಹಾಕಿದ ಹುಳು ಅಲ್ಲಿ ನುಗ್ಗಿ ಸತ್ತರೆ ಆ ನಾತ ವಾರಗಟ್ಟಲೆ ಹೋಗಲ್ಲ, ನಾನು ಅನುಭವಿಸಿದ್ದೇನೆ.

ಆಮೇಲೆ ಥರ್ಮೋಸ್ಟ್ಯಾಟ್ (ಬಿಸಿ ನೋಡಿ ಮ್ಯಾಟನ್ನು ಹತೋಟಿಯಲ್ಲಿಡುವ ಸಾಧನ) ಪ್ರೋಬನ್ನು, ಅಂದರೆ ಬಿಸಿ ಅಳೆಯುವ ವೈರಿನ ತುದಿಯನ್ನು, ಟೈಲಿನ ಮೇಲೆ, ಮ್ಯಾಟಿನ ನಡುಭಾಗಕ್ಕೆ ನೇರವಾಗಿ ಇಡಿ. ವೈರ್ ಮೇಲೆ ಭಾರದ ಕಲ್ಲು ಹೇರಿ. ಪ್ರೋಬ್ ಜಾರಿದರೆ ಮ್ಯಾಟ್ ಕಾಯುತ್ತಲೇ ಇರುತ್ತದೆ. ಅಂಟು ಟೇಪ್ ಮಾತ್ರ ಬೇಡ, ಗೆಕ್ಕೋ ಚರ್ಮಕ್ಕೆ ಅಂಟಿಕೊಂಡರೆ ಚರ್ಮವೇ ಕಿತ್ತು ಬರುತ್ತದೆ.

ಟೈಲಿನ ಕಲ್ಲು ನಿಧಾನಕ್ಕೆ ಕಾಯುತ್ತದೆ, ಎರಡು ಮೂರು ಗಂಟೆ ಬಿಟ್ಟು ಅಳೆಯಿರಿ. ಲೆಪರ್ಡ್ ಗೆಕ್ಕೋಗೆ ಬಿಸಿ ಬದಿಯಲ್ಲಿ 31ರಿಂದ 33 ಡಿಗ್ರಿ ಸಾಕು. ಆಗಲೂ ಬರದಿದ್ದರೆ ಟೈಲ್ ದಪ್ಪ ಜಾಸ್ತಿ ಇರಬಹುದು, 1 ಸೆಂ.ಮೀ.ಗಿಂತ ತೆಳುವಾದದ್ದು ಹಾಕಿ ನೋಡಿ.