ನಬಿ ಶುಐಬ್ ಯಾತ್ರೆ: ಯಾವಾಗ ಹೋಗುವುದು, ಹೇಗೆ ಹೋಗುವುದು

ಅಕ್ಕ, ನೀವು ಇಸ್ರೇಲಿನ ತಿಬೇರಿಯದಲ್ಲಿ ಆರೈಕೆ ಕೆಲಸದಲ್ಲಿದ್ದೀರಿ. ಹತ್ತಿರದ ನಬಿ ಶುಐಬ್ ಅನ್ನುವ ಪುಣ್ಯಸ್ಥಳಕ್ಕೆ ದ್ರೂಸರು (ಅರಬ್ಬಿ ಮಾತಾಡುವ, ತಮ್ಮದೇ ಧರ್ಮವಿರುವ ಒಂದು ಸಣ್ಣ ಸಮುದಾಯ) ಮಾಡುವ ಯಾತ್ರೆಯ ಫೋಟೋ ತೆಗೆಯೋಕೆ ಹೋಗಬಹುದಾ ಅಂತ ಕೇಳಿದ್ದೀರಿ. ಆ ಜಾಗ ಖಂಡಿತ ನೋಡಿ. ಆದರೆ ನನ್ನ ಮಾತು ಕೇಳೋದಾದರೆ ಯಾತ್ರೆಯ ದಿನಗಳನ್ನು ಬಿಟ್ಟು ಹೋಗಿ.

ಯಾತ್ರೆ ಪ್ರತಿ ವರ್ಷ ಏಪ್ರಿಲ್ 25ರಿಂದ 28ರವರೆಗೆ. ಜಾಗ ಹಟ್ಟೀನ್ ಬೆಟ್ಟದ ಬುಡ. 1187ರಲ್ಲಿ ಮುಸ್ಲಿಂ ಸುಲ್ತಾನ ಸಲಾದೀನ್ ಕ್ರುಸೇಡರ್ ಸೈನ್ಯವನ್ನು, ಅಂದರೆ ಧರ್ಮಯುದ್ಧದ ಕ್ರೈಸ್ತ ಸೈನ್ಯವನ್ನು, ಸೋಲಿಸಿದ್ದು ಇಲ್ಲೇ. ಶುಐಬ್ ಅಂದರೆ ನಮ್ಮ ಕನ್ನಡ ಬೈಬಲಿನ ಇತ್ರೋ, ಮೋಶೆಯ ಮಾವ. ದ್ರೂಸರಿಗೆ ಅವರು ದೊಡ್ಡ ಪ್ರವಾದಿ, ಇಲ್ಲಿನ ಕಟ್ಟಡದ ಒಳಗಿರುವುದು ಅವರ ಸಮಾಧಿ ಅಂತ ನಂಬಿಕೆ. 1880ರ ದಶಕದಲ್ಲಿ ಶೇಖ್ ಮುಹನ್ನಾ ತರೀಫ್ ಮುಂದೆ ನಿಂತು ಕಟ್ಟಡ ಕಟ್ಟಿಸಿದರು.

ಜಾತ್ರೆ ಅಂದ ತಕ್ಷಣ ನಮಗೆ ತೇರು, ಅಂಗಡಿ ಸಾಲು ನೆನಪಾಗುತ್ತೆ ಅಲ್ವಾ? ಇಲ್ಲಿ ಮುಖ್ಯ ಆದದ್ದು ಸೇರುವುದು. ಕಾರ್ಮೆಲ್ ಬೆಟ್ಟದ ದಾಲಿಯತ್ ಅಲ್ ಕಾರ್ಮೆಲ್, ಗಲಿಲಾಯದ ಜೂಲಿಸ್, ಬೇತ್ ಜನ್ ಕಡೆಯಿಂದೆಲ್ಲ ಜನ ಬರುತ್ತಾರೆ. ಹಿರಿಯರು ಕೂತು ಸಮುದಾಯದ ವಿಷಯ ಮಾತಾಡುತ್ತಾರೆ. ಕುಟುಂಬಗಳು ಹರಕೆ ತೀರಿಸುತ್ತವೆ. ಗಡಿಯಾಚೆ ಸಿರಿಯಾದಲ್ಲಿರುವ ದ್ರೂಸರಿಗೆ ದಶಕಗಳ ಕಾಲ ಇಲ್ಲಿಗೆ ಬರಲು ದಾರಿಯೇ ಇರಲಿಲ್ಲ. 2025ರ ಮಾರ್ಚ್‌ನಲ್ಲಿ ಅಲ್ಲಿನ ಧರ್ಮಗುರುಗಳ ಒಂದು ಗುಂಪು ಬಸ್ಸಿನಲ್ಲಿ ಬಂದು ದರ್ಶನ ಮಾಡಿತು. ಇಷ್ಟು ಕಾಯ್ದು ಸೇರುವ ಜನರ ಮಧ್ಯೆ ಕ್ಯಾಮೆರಾ ಹಿಡಿದು ನುಗ್ಗೋದು ನನಗೆ ಸರಿ ಕಾಣಲ್ಲ.

ಬೇರೆ ದಿನ ಹೋದರೂ ತೋಳು, ಕಾಲು ಮುಚ್ಚುವ ಬಟ್ಟೆ ಹಾಕಿ. ತಲೆಗೆ ದುಪಟ್ಟಾ ಇರಲಿ, ಚಪ್ಪಲಿ ಹೊರಗೆ ಬಿಡಿ. ಕಪ್ಪು ಉಡುಪು, ಬಿಳಿ ಟೋಪಿಯ ಹಿರಿಯರನ್ನು ಕೇಳಿಯೇ ಫೋಟೋ ತೆಗೆಯಿರಿ. ಬಿಳಿ ಮುಸುಕಿನ ಹೆಂಗಸರ ಫೋಟೋ ಬೇಡವೇ ಬೇಡ. ಅವರ ಧರ್ಮಗ್ರಂಥದಲ್ಲಿ ಏನಿದೆ ಅಂತಲೂ ಕೆದಕಬೇಡಿ. ದೀಕ್ಷೆ ಪಡೆಯದ ದ್ರೂಸರೇ ಅದನ್ನು ಓದುವಂತಿಲ್ಲ. ಸಿಗರೇಟು, ಮದ್ಯ ತರಲೇಬಾರದು.

ನಿಮಗೆ ರಜೆ ಶನಿವಾರ ಅಂತ ಬರೆದಿದ್ದೀರಿ. ತೊಂದರೆ ಇರೋದು ಅಲ್ಲೇ. ಯಹೂದಿಗಳ ವಾರದ ವಿಶ್ರಾಂತಿ ದಿನ ಅಂತ ಶುಕ್ರವಾರ ಮಧ್ಯಾಹ್ನದಿಂದ ಶನಿವಾರ ಸಂಜೆವರೆಗೆ ಬಸ್ಸು ಇಲ್ಲ ಅನ್ನುವಷ್ಟು ಕಮ್ಮಿ. ನೀವು ಕೆಲಸ ಮಾಡುವ ಮನೆಯವರ ಹತ್ತಿರ ಮಾತಾಡಿ ವಾರದ ನಡುವೆ ಒಂದು ಬೆಳಿಗ್ಗೆ ಬಿಡುವು ಕೇಳಿ. ಆಗದಿದ್ದರೆ ಎರಡು ಮೂರು ಜನ ಸೇರಿ ಟ್ಯಾಕ್ಸಿ ಮಾಡಿ, ವಾಪಸ್ ಬರೋದಕ್ಕೂ ಮೊದಲೇ ಹೇಳಿಟ್ಟುಕೊಳ್ಳಿ. ನೀರು ಜಾಸ್ತಿ ಇಟ್ಟುಕೊಳ್ಳಿ. ಏಪ್ರಿಲ್‌ನಲ್ಲೂ ಮರುಭೂಮಿಯ ಬಿಸಿಗಾಳಿ ಬೀಸುವ ದಿನಗಳಿರುತ್ತವೆ.