ಗುಳಿಗೆಯ ಮೇಲೆ ಗೂಬೆ

ಹಾವೇರಿ ಜಿಲ್ಲೆಯ ಓದುಗರೊಬ್ಬರು ಹೆಸರು ಬೇಡವೆಂದು ಕೇಳಿಕೊಂಡು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: ವಯಸ್ಸು 27, ಮದುವೆಯಾಗಿ ನಾಲ್ಕು ವರ್ಷ. ಮೊದಲ ಎರಡು ವರ್ಷ ಆಶಾ ಕಾರ್ಯಕರ್ತೆ ಕೊಟ್ಟ ಮಾಲಾ-ಎನ್ ಎಂಬ ಗರ್ಭನಿರೋಧಕ ಗುಳಿಗೆ ನುಂಗಿದ್ದಾರೆ. ಬಿಟ್ಟು ಎರಡು ವರ್ಷವಾಗುತ್ತ ಬಂದರೂ ಬಸಿರಾಗಿಲ್ಲ. ‘ಗುಳಿಗೆಯಿಂದ ಗರ್ಭಕೋಶಕ್ಕೆ ಉಷ್ಣ ಏರಿದೆ’ ಎಂಬುದು ಅತ್ತೆಯವರ ತೀರ್ಮಾನ. ಪತಿ ಲಾರಿ ಚಾಲಕರು. ತಿಂಗಳಲ್ಲಿ ಏಳೆಂಟು ದಿನ ಮನೆಯಲ್ಲಿರುತ್ತಾರೆ, ಪರೀಕ್ಷೆ ಎಂದರೆ ಎದ್ದು ಹೋಗುತ್ತಾರೆ. ಗರ್ಭಕೋಶ ‘ಕ್ಲೀನ್’ ಮಾಡಿಸಿದರೆ ಸರಿಹೋಗುತ್ತದೆಂದು ಯಾರೋ ಹೇಳಿದ್ದಾರೆ, ಅದಕ್ಕೆ ದಿನವೂ ಗೊತ್ತಾಗಿದೆ. ಕೊನೆಯಲ್ಲಿ ಇನ್ನೊಂದು ಪ್ರಶ್ನೆ: ‘ಮುಂದಿನ ತಿಂಗಳು ನಾದಿನಿಯ ಮದುವೆ. ಏನೇ ಆದರೂ ಗುಳಿಗೆ ಮುಟ್ಟಬೇಡ ಎಂದು ಅವಳಿಗೆ ಹೇಳಿದ್ದೇನೆ. ಸರಿಯೇ?’

ಮಾನ್ಯರೇ,

ಎಲ್ಲಕ್ಕಿಂತ ಮೊದಲು ಆ ‘ಕ್ಲೀನ್’ ಮಾಡಿಸುವ ದಿನವನ್ನು ರದ್ದು ಮಾಡಿ. ಗರ್ಭಕೋಶ ಕೊಳೆಯಾಗುವ ಪಾತ್ರೆಯಲ್ಲ. ಅದರ ಒಳಪದರ ಪ್ರತಿ ಮುಟ್ಟಿನಲ್ಲಿ ತಾನಾಗಿಯೇ ಕಳಚಿ ಹೋಗುತ್ತದೆ. ಡಿ ಅಂಡ್ ಸಿ ಎನ್ನುವ ಆ ಕೆರೆತ ಬಂಜೆತನಕ್ಕೆ ಚಿಕಿತ್ಸೆಯಲ್ಲ. ಅನಗತ್ಯವಾಗಿ ಮಾಡಿಸಿದರೆ ಒಳಗೋಡೆಗಳು ಒಂದಕ್ಕೊಂದು ಅಂಟಿಕೊಂಡು, ಇಲ್ಲದ ತೊಂದರೆಯೊಂದು ಹುಟ್ಟಬಹುದು. ಯಾವುದೋ ಕಾಯಿಲೆಯ ಅನುಮಾನದಿಂದ ತಜ್ಞರು ಒಳಪದರದ ಚೂರನ್ನು ಪರೀಕ್ಷೆಗೆ ತೆಗೆಯುವುದುಂಟು. ಅದು ಬೇರೆ ಮಾತು. ನಾನು ವೈದ್ಯೆಯಲ್ಲ. ಈ ಉತ್ತರವನ್ನು ಸ್ತ್ರೀರೋಗ ತಜ್ಞರೊಬ್ಬರಿಗೆ ಓದಿಸಿಯೇ ಅಚ್ಚಿಗೆ ಕೊಟ್ಟಿದ್ದೇನೆ.

ಇನ್ನು ಗುಳಿಗೆ. ನಿಮ್ಮ ಪತ್ರದ ಮೂರನೆಯ ಪುಟದಲ್ಲಿ ನೀವೇ ಅಷ್ಟಾಗಿ ಗಮನಿಸದೆ ಬರೆದ ಒಂದು ಸಾಲಿದೆ. ಮದುವೆಗೆ ಮುಂಚೆಯೂ ಮುಟ್ಟು 40–50 ದಿನಕ್ಕೊಮ್ಮೆ ಬರುತ್ತಿತ್ತು, ಗುಳಿಗೆ ನುಂಗುವಾಗ ಮಾತ್ರ ತಿಂಗಳಿಗೆ ಸರಿಯಾಗಿ ಬಂತು, ಬಿಟ್ಟ ಮೇಲೆ ಮತ್ತೆ ಮೊದಲಿನಂತೆಯೇ ಆಯಿತು ಎಂದಿದ್ದೀರಿ. ನನ್ನ ಮಟ್ಟಿಗೆ ಇಡೀ ಪತ್ರದ ಜೀವ ಆ ಸಾಲಿನಲ್ಲಿದೆ.

ಮಾಲಾ-ಎನ್ ಪಟ್ಟಿಯಲ್ಲಿ 28 ಗುಳಿಗೆಗಳಿರುತ್ತವೆ. ಹಾರ್ಮೋನು ಇರುವುದು 21ರಲ್ಲಿ ಮಾತ್ರ. ಬೇರೆ ಬಣ್ಣದ ಕೊನೆಯ ಏಳು ಬರೀ ಕಬ್ಬಿಣಾಂಶದ ಗುಳಿಗೆಗಳು. ಹಾರ್ಮೋನು ನಿಂತದ್ದಕ್ಕೆ ಆ ಏಳು ದಿನಗಳಲ್ಲಿ ರಕ್ತಸ್ರಾವವಾಗುತ್ತದೆ. ಅದು ನಿಮ್ಮ ಅಂಡಾಶಯ ನಡೆಸಿದ ಮುಟ್ಟಲ್ಲ, ಪಟ್ಟಿ ನಡೆಸಿದ್ದು. ನಿಮ್ಮ ಮುಟ್ಟಿನ ಏರುಪೇರು ಎರಡು ವರ್ಷ ಅದರ ಮರೆಯಲ್ಲಿ ಕೂತಿತ್ತು, ಗುಳಿಗೆ ಬಿಟ್ಟೊಡನೆ ಹೊರಬಂತು. ನೋಡಿದವರಿಗೆ ಗುಳಿಗೆಯೇ ಕೆಡಿಸಿದಂತೆ ಕಂಡಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ. ಈ ಗುಳಿಗೆ ಬಿಟ್ಟವರಲ್ಲಿ ಹೆಚ್ಚಿನವರಿಗೆ ಒಂದರಿಂದ ಮೂರು ತಿಂಗಳೊಳಗೆ ಅಂಡ ಬಿಡುಗಡೆ ಮರಳುತ್ತದೆ. ಒಂದು ವರ್ಷದ ಲೆಕ್ಕ ತೆಗೆದರೆ, ಗುಳಿಗೆ ನುಂಗಿದವರಿಗೂ ನುಂಗದವರಿಗೂ ಬಸಿರಾಗುವುದರಲ್ಲಿ ವ್ಯತ್ಯಾಸವಿಲ್ಲ. ನಿಜವಾಗಿ ತಡಮಾಡುವುದು ಅಂತರಾ ಎಂಬ ಗರ್ಭನಿರೋಧಕ ಚುಚ್ಚುಮದ್ದು. ಕೊನೆಯ ಸೂಜಿಯಾದ ಮೇಲೆ ಬಸಿರಾಗಲು ಏಳರಿಂದ ಹತ್ತು ತಿಂಗಳು ಹಿಡಿಯಬಹುದು. ಅದೂ ವಿಳಂಬವೇ ಹೊರತು ಬಂಜೆತನವಲ್ಲ.

40–50 ದಿನಕ್ಕೊಮ್ಮೆ ಮುಟ್ಟಾಗುವುದೆಂದರೆ ಅಂಡ ತಡವಾಗಿ ಬಿಡುಗಡೆಯಾಗುತ್ತಿದೆ, ಕೆಲವು ಸಲ ಆಗುತ್ತಲೇ ಇಲ್ಲ ಎಂದರ್ಥ. ಇದಕ್ಕೆ ಹೆಚ್ಚಾಗಿ ಕಾಣುವ ಕಾರಣ ಪಿಸಿಓಎಸ್, ಅಂದರೆ ಹಾರ್ಮೋನು ಏರುಪೇರಿನಿಂದ ಅಂಡಾಶಯದಲ್ಲಿ ಅಂಡ ಸರಿಯಾಗಿ ಬಲಿಯದಿರುವ ತೊಂದರೆ. ಥೈರಾಯ್ಡ್ ಅಥವಾ ಪ್ರೊಲ್ಯಾಕ್ಟಿನ್ ಹಾರ್ಮೋನಿನ ಏರುಪೇರೂ ಇರಬಹುದು. ರಕ್ತ ಪರೀಕ್ಷೆ ಮತ್ತು ಒಂದು ಸ್ಕ್ಯಾನ್ ಆದರೆ ಬಹುಮಟ್ಟಿಗೆ ತಿಳಿಯುತ್ತದೆ. ಪಿಸಿಓಎಸ್ ಎಂದೇ ಆದರೆ ಹೆದರಬೇಡಿ, ಬಂಜೆತನದ ಕಾರಣಗಳಲ್ಲಿ ಚಿಕಿತ್ಸೆಗೆ ಚೆನ್ನಾಗಿ ಬಗ್ಗುವುದು ಇದು. ತೂಕ ಹೆಚ್ಚಿದ್ದವರಲ್ಲಿ ನೂರಕ್ಕೆ ಐದರಿಂದ ಹತ್ತು ಭಾಗ ಇಳಿದರೂ ಎಷ್ಟೋ ಜನರಿಗೆ ಮುಟ್ಟು ಹಳಿಗೆ ಬರುತ್ತದೆ. ಸಾಲದಿದ್ದರೆ ಅಂಡ ಬಿಡುಗಡೆ ಮಾಡಿಸುವ ಲೆಟ್ರೊಜೋಲ್ ಕೊಡುತ್ತಾರೆ. ಅದೂ ಗುಳಿಗೆಯೇ! ಅತ್ತೆಯವರಿಗೆ ಮೊದಲೇ ಹೇಳಿಡಿ.

ಪತಿ ಊರಿಗೆ ಬರುವ ದಿನಗಳ ಲೆಕ್ಕವೂ ತಪ್ಪಿದೆ. ‘ಮುಟ್ಟಾದ 14ನೇ ದಿನ’ ಎಂದು ಯಾರೋ ಹೇಳಿದ್ದನ್ನು ನಂಬಿ, 12ರಿಂದ 16ನೇ ದಿನದವರೆಗೆ ಅವರಿಗೆ ರಜೆ ಹಾಕಿಸುತ್ತಿದ್ದೀರಿ. ಅದು 28 ದಿನದ ಚಕ್ರದವರ ಲೆಕ್ಕ. ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ. ನಿಮ್ಮ ಚಕ್ರ 45 ದಿನದ್ದಾದರೆ ಅದು 31ನೇ ದಿನದ ಹೊತ್ತಿಗೆ. ಅಂಡದ ಆಯುಸ್ಸು ಒಂದು ದಿನವೂ ಪೂರ್ತಿಯಿಲ್ಲ. ವೀರ್ಯಾಣು ಒಳಗೆ ಐದು ದಿನದವರೆಗೆ ಬದುಕಬಲ್ಲದು. ಅಂದರೆ ಅವರು ಲಾರಿ ಹತ್ತಿ ಹೋಗಿ ಎಷ್ಟೋ ದಿನವಾದ ಮೇಲೆ ನಿಮ್ಮ ಅಂಡ ಹೊರಬರುತ್ತಿದೆ. ಚಕ್ರ ಏರುಪೇರಾಗಿರುವವರು ಕ್ಯಾಲೆಂಡರಿಗಿಂತ ಮೈಯನ್ನು ನಂಬುವುದು ಮೇಲು. ಸ್ರಾವ ತೆಳ್ಳಗಾಗಿ, ಲೋಳೆಸರದ ತಿರುಳಿನಂತೆ ಜಾರಿ ಎಳೆಯೆಳೆಯಾಗಿ ಬರುವ ದಿನಗಳು ಮುಖ್ಯ. ಜೊತೆಯಲ್ಲಿದ್ದು ಒಂದು ವರ್ಷ ಪ್ರಯತ್ನಿಸಿ, ಆಗದಿದ್ದರೆ ವೈದ್ಯರನ್ನು ಕಾಣಿ ಎಂಬುದು ಸಾಮಾನ್ಯ ನಿಯಮ. ವಯಸ್ಸು 35 ದಾಟಿದವರಿಗೆ ಆರು ತಿಂಗಳು. ಮುಟ್ಟೇ ಸರಿಯಿಲ್ಲದ ನಿಮಗೆ ಈ ಕಾಯುವಿಕೆ ಅನ್ವಯಿಸುವುದಿಲ್ಲ.

ಈಗ ಪತಿಯ ವಿಷಯ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ, ಒಂಟಿಯಾಗಿಯೋ ಹೆಂಡತಿಯ ತೊಂದರೆಯ ಜೊತೆಗೋ. ಆದರೂ ನಮ್ಮ ಕಚೇರಿಗೆ ಬರುವ ಈ ಬಗೆಯ ಪತ್ರಗಳಲ್ಲಿ ಹೆಂಡತಿಯ ಸ್ಕ್ಯಾನಿನ ವಿವರ ಪುಟಗಟ್ಟಲೆ ಇರುತ್ತದೆ, ಗಂಡನ ವರದಿ ಮಾತ್ರ ಇರುವುದಿಲ್ಲ. ಮಕ್ಕಳು ಬೇಡವೆಂದಾಗಲೂ ಇದೇ ಕಥೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ಮಹಿಳೆಯರಲ್ಲಿ ಶೇ 37.9ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. ಗಂಡಸರ ಶಸ್ತ್ರಚಿಕಿತ್ಸೆ ಶೇ 0.3. 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆದ ಮೈಸೂರು ಸಂಸ್ಥಾನದ ನಾಡು ನಮ್ಮದು, ಆದರೂ ಗಂಡಸರ ಸಂಕೋಚ ಕರಗಿಲ್ಲ.

ವೀರ್ಯ ಪರೀಕ್ಷೆಗೆ ಸೂಜಿಯಿಲ್ಲ, ನೋವಿಲ್ಲ, ಖರ್ಚೂ ಕಡಿಮೆ. ಎರಡರಿಂದ ಏಳು ದಿನ ಸಂಪರ್ಕವಿಲ್ಲದೆ ಇದ್ದು ಮಾದರಿ ಕೊಡಬೇಕು, ಅದು ಒಂದು ಗಂಟೆಯೊಳಗೆ ಪ್ರಯೋಗಾಲಯದಲ್ಲಿರಬೇಕು. ಉಷ್ಣದ ಮಾತು ಬಂದಿತಲ್ಲ, ಈ ಮನೆಯಲ್ಲಿ ಉಷ್ಣದ ಚಿಂತೆ ಮಾಡಬೇಕಾದದ್ದು ಲಾರಿಯ ಕ್ಯಾಬಿನ್‌ನಲ್ಲಿ! ವೀರ್ಯಾಣು ತಯಾರಾಗಲು ವೃಷಣಗಳು ಮೈಗಿಂತ ಎರಡು ಮೂರು ಡಿಗ್ರಿ ತಂಪಾಗಿರಬೇಕು. ಎಂಜಿನ್ ಪಕ್ಕದ ಸೀಟಿನಲ್ಲಿ ಗಂಟೆಗಟ್ಟಲೆ ಕೂರುವುದು, ತಂಬಾಕು, ಕುಡಿತ ಎಲ್ಲವೂ ಪೆಟ್ಟು ಕೊಡಬಹುದು. ವೃಷಣದ ರಕ್ತನಾಳಗಳು ಉಬ್ಬುವ ವೆರಿಕೋಸಿಲ್, ದೊಡ್ಡವರಾದ ಮೇಲೆ ಬಂದ ಮಂಗನಬಾವು ಕೂಡ ಕಾರಣವಾಗುತ್ತವೆ. ಒಂದು ವರದಿ ಕೆಟ್ಟದಾಗಿ ಬಂದರೆ ಅಲ್ಲಿಗೇ ಮುಗಿಯುವುದಿಲ್ಲ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು, ಆದ್ದರಿಂದ ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷಿಸುತ್ತಾರೆ. ಅವರಿಗೆ ‘ನಿಮ್ಮಲ್ಲಿ ದೋಷವಿದೆಯೇ ನೋಡೋಣ’ ಎನ್ನಬೇಡಿ. ‘ನಿಮ್ಮ ವರದಿಯಿಲ್ಲದೆ ಡಾಕ್ಟರು ನನಗೆ ಔಷಧಿ ಶುರು ಮಾಡುವುದಿಲ್ಲವಂತೆ’ ಎನ್ನಿ. ಬಹುತೇಕ ತಜ್ಞರು ಹಾಗೆಯೇ ಮಾಡುತ್ತಾರೆ.

ನಿಮ್ಮ ಮತ್ತು ಪತಿಯ ಈ ಪರೀಕ್ಷೆಗಳಲ್ಲಿ ಕಾರಣ ಸಿಗದಿದ್ದರೆ ಗರ್ಭನಾಳ ತೆರೆದಿದೆಯೇ ಎಂದು ನೋಡುವ ಎಚ್‌ಎಸ್‌ಜಿ ಎಕ್ಸ್‌ರೇ ಇದೆ. ಹಳೆಯ ಸೋಂಕು, ಅನರ್ಹರ ಕೈಯಲ್ಲಾದ ಗರ್ಭಪಾತ ಅಥವಾ ಕ್ಷಯದಿಂದ ನಾಳ ಮುಚ್ಚಿರಬಹುದು. ನಮ್ಮ ದೇಶದಲ್ಲಿ ಕ್ಷಯವನ್ನು ಮರೆಯುವಂತಿಲ್ಲ, ಕೆಮ್ಮಿಲ್ಲದೆಯೂ ಅದು ಗರ್ಭನಾಳದಲ್ಲಿ ಅಡಗಿರುತ್ತದೆ. ಬಸ್ಸಿನ ಹಿಂದೆ ಕಾಣುವ ಐವಿಎಫ್ (ಪ್ರನಾಳ ಶಿಶು) ಜಾಹೀರಾತು ನಿಮಗೆ ಸದ್ಯಕ್ಕೆ ಬೇಡ. ಮುಂದೆ ಬೇಕಾದರೂ ಆ ಕೇಂದ್ರ ಇಂಥ ಚಿಕಿತ್ಸೆಗೆಂದೇ ಇರುವ 2021ರ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ಕೇಳಿಯೇ ಒಳಗೆ ಹೋಗಿ.

ನಾದಿನಿಗೆ ನೀವು ಹೇಳಿದ್ದು ಸರಿಯಲ್ಲ. ಗುಳಿಗೆ ಬೇಡವೆನ್ನಲು ನಿಜವಾದ ಕಾರಣಗಳಿವೆ: ರಕ್ತದೊತ್ತಡ, ಕಣ್ಣಿಗೆ ಮಿಂಚು ಹೊಡೆದು ಬರುವ ಅರೆತಲೆನೋವು, ರಕ್ತ ಹೆಪ್ಪುಗಟ್ಟಿದ ಇತಿಹಾಸ. ಇವೇನೂ ಇಲ್ಲವಾದರೆ ಮಾಲಾ-ಎನ್ ನುಂಗಬಹುದು. ಹಾರ್ಮೋನು ಬೇಡವೆಂದರೆ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ ಛಾಯಾ ಗುಳಿಗೆ ಇದೆ, ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು. ನಿರೋಧ್ ಇದ್ದೇ ಇದೆ, ಅದರ ಹೊಣೆ ಅಳಿಯನದು. ಆದರೆ ಅವಳ ಮುಟ್ಟು ಹೇಗಿದೆಯೆಂದು ಒಮ್ಮೆ ಕೇಳಿ. ನಿಮ್ಮಂತೆ ಏರುಪೇರಿದ್ದರೆ ಗುಳಿಗೆಗೆ ಮುಂಚೆಯೇ ವೈದ್ಯರಿಗೆ ಹೇಳಲಿ. ಇಲ್ಲವಾದರೆ ಮದುವೆಗೆ ಮುಂಚಿನ ಮುಟ್ಟಿನ ಮೊದಲ ದಿನವೇ ಶುರು ಮಾಡಲಿ. ಒಂದು ದಿನ ಮರೆತರೆ ನೆನಪಾದ ತಕ್ಷಣ ನುಂಗಬೇಕು, ಅಂದು ಎರಡು ನುಂಗಿದಂತಾದರೂ ಚಿಂತೆಯಿಲ್ಲ.

— ಸಂಪಾದಕಿ